ನುಡಿ-ಯೂನಿಕೋಡ್ ಕನ್ವರ್ಟರ್‌ಗೆ ಬಳಕೆ ಡೇಟಾ ಕಳಿಸೋ ಫೀಚರ್ ಹಾಕ್ಬಹುದಾ? ಹೆಸರಿಲ್ಲದ ಡೇಟಾ ಅಂದ್ರೆ ನಿಜಕ್ಕೂ ಹೆಸರಿಲ್ಲದ್ದಾ?

ಒತ್ತಕ್ಷರ:
ಎಲ್ರಿಗೂ ನಮಸ್ಕಾರ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿರೋ ಫೈಲ್‌ನ ಯೂನಿಕೋಡ್‌ಗೆ ಬದಲಾಯಿಸೋ ಒಂದು ಸಣ್ಣ ಸಾಫ್ಟ್‌ವೇರ್ ಬರ್ದಿದೀನಿ, ಉಚಿತ, ಸೋರ್ಸ್ ಕೋಡೂ ಓಪನ್. ಎರಡು ವರ್ಷದಲ್ಲಿ ಸುಮಾರು 700 ಡೌನ್‌ಲೋಡ್ ಆಗಿದೆ ಆದ್ರೆ ಯಾರು ಬಳಸ್ತಿದಾರೆ, ಎಲ್ಲಿ ಕಷ್ಟ ಪಡ್ತಿದಾರೆ ಒಂದೂ ಗೊತ್ತಾಗಲ್ಲ. ಅರ್ಕಾವತ್ತು ಕೆಟ್ಟೋಗ್ತಿದೆ ಅಂತ ಒಬ್ರು ಮೇಲ್ ಹಾಕಿದ್ರು, ಯಾವ ಫಾಂಟು ಯಾವ ಪದ ಅಂತ ಕೇಳಿದೆ, ಉತ್ತರಾನೇ ಬರ್ಲಿಲ್ಲ. ಹಳೇ ಫಾಂಟಲ್ಲಿ ಅರ್ಕಾವತ್ತು ಅಕ್ಷರ ಆದ್ಮೇಲೆ ಬರತ್ತೆ, ಯೂನಿಕೋಡಲ್ಲಿ ರ್ ಮೊದಲು ಬರ್ಬೇಕು, ಆ ಜಾಗ ಬದಲು ಮಾಡೋವಾಗ್ಲೇ ಎಡವೋದು, ಪದ ನೋಡದೆ ಸರಿ ಮಾಡೋಕಾಗಲ್ಲ.

ಅದಕ್ಕೆ ಮುಂದಿನ ವರ್ಷನ್‌ನಲ್ಲಿ ವಿಂಡೋಸ್ ಯಾವ್ದು, ಫಾಂಟ್ ಹೆಸರು, ಜಿಲ್ಲೆ, ಮತ್ತೆ ಕನ್ವರ್ಟ್ ಆಗದೆ ಉಳಿದ ಪದಗಳು, ಇಷ್ಟು ನನ್ನ ಸರ್ವರ್‌ಗೆ ಬರೋ ಹಾಗೆ ಮಾಡೋಣ ಅಂತ. ಹೆಸರು, ಫೋನ್ ನಂಬರ್ ಏನೂ ಇಲ್ಲ. ಮೊದಲೇ ಆನ್ ಇಟ್ಟು ಬೇಡ ಅನ್ನೋರು ಆಫ್ ಮಾಡ್ಕೊಳ್ಳಿ ಅಂದ್ರೆ ತಪ್ಪಾ? ಕೇಳಿ ಆನ್ ಮಾಡಿ ಅಂದ್ರೆ ಯಾರೂ ಮಾಡಲ್ಲ. ನಮ್ಮೂರ ಶಾಲೆ ಮೇಡಂ ಒಬ್ರು ಹೋದ ವರ್ಷ ಕೇಳಿದ್ರು, "ನಾನು ಹಾಕಿದ ಫೈಲು ನಿನ್ನ ಹತ್ರ ಬರತ್ತೇನಪ್ಪಾ?" ಅಂತ. ಇಲ್ಲ ಮೇಡಂ ಅಂದಿದ್ದೆ, ಆಗ ಅದು ನಿಜ. ಇನ್ಮುಂದೆ ಏನಂತ ಹೇಳ್ಲಿ ಅನ್ನೋದೇ ಕೊರೀತಿದೆ.

ಸುಂಕದಕಟ್ಟೆ_ಲಿನಕ್ಸ್:
ಮೊದಲೇ ಆನ್ ಇಡೋದು ಬೇಡ ಸರ್, ದಯವಿಟ್ಟು. ಆಡಾಸಿಟಿ ಕಥೆ ನೆನಪಿರ್ಬೇಕಲ್ಲ, 2000ದಿಂದ ಜನ ನಂಬಿ ಬಳಸ್ತಿದ್ದ ಆಡಿಯೋ ಎಡಿಟರ್ ಅದು. 2021ರ ಏಪ್ರಿಲ್ ಕೊನೆಗೆ ಮ್ಯೂಸ್ ಗ್ರೂಪ್ ಅನ್ನೋ ಕಂಪನಿ ಕೈಗೆ ಹೋಯ್ತು, ಮೇ ತಿಂಗಳಲ್ಲೇ ಬಳಕೆ ಡೇಟಾ ತಗೊಳ್ತೀವಿ ಅಂತ ಕೋಡ್ ಬಂತು, ಅದೂ ಗೂಗಲ್ ಅನಲಿಟಿಕ್ಸ್ ಮತ್ತೆ ರಷ್ಯಾದ ಯಾಂಡೆಕ್ಸ್ ಕಂಪನಿ ಮೂಲಕ. ಗಮನಿಸಿ, ಅದು ಆಫ್ ಆಗೇ ಇತ್ತು, ಕೇಳೇ ಆನ್ ಮಾಡೋ ಪ್ಲಾನು, ಆದ್ರೂ ಜನ ರೊಚ್ಚಿಗೆದ್ರು, ಯಾಕಂದ್ರೆ ಡೇಟಾ ಹೋಗ್ತಿದ್ದ ಜಾಗ ಮೂರನೆಯವರದ್ದು. ಅದೇ ತಿಂಗಳು ಕೈಬಿಟ್ರು. ಜುಲೈನಲ್ಲಿ ಹೊಸ ಪ್ರೈವಸಿ ಪಾಲಿಸಿ ಹಾಕಿ, ಅದರಲ್ಲಿ 13 ವರ್ಷದ ಒಳಗಿನವರು ಬಳಸ್ಬಾರ್ದು, ಪೊಲೀಸ್ ತನಿಖೆಗೆ ಬೇಕಾದ ಡೇಟಾ ಅಂತೆಲ್ಲ ಬರ್ದು ಮತ್ತೆ ಗಲಾಟೆ, ಮತ್ತೆ ತಿದ್ದಿ ಬರೀಬೇಕಾಯ್ತು.

ಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಯವರದ್ದು ನೋಡಿ ಕಲೀಬೇಕು. 2023ರ ಫೆಬ್ರವರಿಲಿ ಆ ತಂಡದ ರಸ್ ಕಾಕ್ಸ್ ಮೊದಲೇ ಆನ್ ಇರೋ ಟೆಲಿಮೆಟ್ರಿ (ಬಳಕೆ ಡೇಟಾ ತಾನಾಗೇ ಕಳಿಸೋ ವ್ಯವಸ್ಥೆ) ಪ್ರಸ್ತಾಪ ಇಟ್ರು, ವಿರೋಧ ಬಂತು, ಕೇಳಿ ಆನ್ ಮಾಡೋದಕ್ಕೆ ಬದಲಾಯಿಸಿದ್ರು. 2024ರಲ್ಲಿ ಗೋ 1.23 ವರ್ಷನ್ ಜೊತೆ ಬಂದಾಗ ಲೆಕ್ಕ ಎಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ಉಳಿಯತ್ತೆ, ನಾವು ಹೂಂ ಅಂದ್ರೆ ಮಾತ್ರ ಹೊರಗೆ ಹೋಗೋದು. ಡೆಬಿಯನ್ ಅನ್ನೋ ಲಿನಕ್ಸ್ ಇನ್‌ಸ್ಟಾಲ್ ಮಾಡೋವಾಗ್ಲೂ ಯಾವ ಪ್ಯಾಕೇಜ್ (ಸಾಫ್ಟ್‌ವೇರ್) ಬಳಸ್ತೀರ ಅಂತ ಕಳಿಸ್ಲಾ ಅಂತ ಕೇಳತ್ತೆ, ಬೇಡ ಅನ್ನೋದೇ ಡೀಫಾಲ್ಟು. ಅಷ್ಟಾದ್ರೂ ಕಳಿಸೋರು ಇದಾರೆ, ನಾನೂ ಕಳಿಸ್ತೀನಿ. ಕೇಳಿದ್ರೆ ಯಾರೂ ಕೊಡಲ್ಲ ಅನ್ನೋದು ಪೂರ್ತಿ ನಿಜ ಅಲ್ಲ.

ಕೋರ್ಟ್_ಎದುರಿನ_ಡಿಟಿಪಿ:
ನಾ ನಿಮ್ಮ ಸಾಫ್ಟ್‌ವೇರ್ ದಿನಾ ಬಳಸ್ತೀನ್ರಿ, ಭಾಳ ಉಪಕಾರ ಆಗೇತಿ. ಆದ್ರ ಒಂದ್ ಮಾತು. ನನ್ನ ಅಂಗಡ್ಯಾಗ ಟೈಪ್ ಆಗೋದು ಕ್ರಯಪತ್ರ, ವಾಟ್ನಿಪತ್ರ, ಅಫಿಡವಿಟ್, ಗಂಡ ಹೆಂಡ್ತಿ ಕೇಸಿನ ಕಾಗದ. ಕನ್ವರ್ಟ್ ಆಗದ ಉಳಿಯೋ ಪದ ಯಾವುವು ಅಂತ ನೀವು ನೋಡೀರೇನು? ಎಲ್ಲಾ ಮಂದಿ ಹೆಸರು, ಅಡ್ಡಹೆಸರು, ಊರ ಹೆಸರ ಅದಾವ. ಮಾಮೂಲಿ ಪದ ಸರಿ ಆಗ್ತಾವ, ಕೆಡೋದು ಇವೇ. ನಿಮ್ಮ ಕಡೆ ಹೆಸರು ಬರಂಗಿಲ್ಲ ಅಂತೀರಿ, ಬರೋದೇ ಹೆಸರು! ನನ್ನ ಹೆಸರು ಹ್ವಾದ್ರ ಹೋಗ್ಲಿ, ನನ್ನ ನಂಬಿ ಕಾಗದ ಕೊಟ್ಟವರದು ಹೋಗಬಾರದು. ಅವರನ್ನ ಯಾರೂ ಕೇಳೇ ಇಲ್ಲಲ್ರಿ.

ಎಣಿಕೆ_ಮನೆ:
ಡಿಟಿಪಿ ಅಣ್ಣ ಹೇಳಿದ್ದೇ ಇಡೀ ಚರ್ಚೆಯ ಜೀವಾಳ. 2006ರಲ್ಲಿ ಎಒಎಲ್ ಅನ್ನೋ ಅಮೆರಿಕದ ಇಂಟರ್ನೆಟ್ ಕಂಪನಿ ಸುಮಾರು 6.5 ಲಕ್ಷ ಜನರ ಹುಡುಕಾಟಗಳನ್ನ ಹೆಸರು ತೆಗೆದು ನಂಬರ್ ಹಾಕಿ ಸಂಶೋಧನೆಗೆ ಅಂತ ಬಿಟ್ಟಿತ್ತು. ಕೆಲವೇ ದಿನದಲ್ಲಿ ಪತ್ರಕರ್ತರು 4417749 ಅನ್ನೋ ನಂಬರ್ ಹಿಂದಿರೋ ಅಜ್ಜಿ ಮನೆ ಬಾಗಿಲಿಗೇ ಹೋದ್ರು, ಊರಿನ ಹೆಸರು, ಮನೆತನದ ಹೆಸರು ಎಲ್ಲ ಅವ್ರು ಹುಡುಕಿದ ಪದಗಳಲ್ಲೇ ಇತ್ತು.

ಇನ್ನೊಂದು ನಮ್ಮಂಥವರಿಗೇ ವಿಶೇಷವಾಗಿ ಅನ್ವಯಿಸೋದು. ಕೋಟಿ ಜನ ಬಳಸೋ ಬ್ರೌಸರ್‌ನಲ್ಲಿ "ವಿಂಡೋಸ್ 7" ಅಂದ್ರೆ ಲಕ್ಷಾಂತರ ಜನರಲ್ಲಿ ಒಬ್ರು, ಅಲ್ಲಿ ಗುಂಪೇ ಮರೆ. ನಿಮ್ಮದು 700 ಡೌನ್‌ಲೋಡು. ಯಾದಗಿರಿ ಜಿಲ್ಲೆ, ವಿಂಡೋಸ್ 7, ಒಂದು ಅಪರೂಪದ ಹಳೇ ಫಾಂಟು, ಈ ಮೂರೂ ಸೇರಿದ್ರೆ ಇಡೀ ಪಟ್ಟಿಲಿ ಒಬ್ರೇ ಇರ್ತಾರೆ, ಅವರ್ಯಾರು ಅಂತ ಆ ಊರಲ್ಲಿ ಕೇಳಿದ್ರೆ ಹೇಳ್ತಾರೆ. ಸಣ್ಣ ಗುಂಪಲ್ಲಿ ಹೆಸರು ತೆಗೆದ್ರೂ ಮುಖ ಕಾಣತ್ತೆ. ಜಿಲ್ಲೆ ನಿಮಗೆ ಯಾಕೆ ಬೇಕು ಹೇಳಿ, ಅರ್ಕಾವತ್ತು ಬೀದರ್‌ನಲ್ಲೂ ಮಡಿಕೇರಿಲೂ ಒಂದೇ ಥರ ಕೆಡತ್ತೆ.

ಕ್ರ್ಯಾಶ್ ರಿಪೋರ್ಟ್ (ಪ್ರೋಗ್ರಾಮು ಕುಸಿದಾಗ ಕಳಿಸೋ ವರದಿ) ಹಾಕೋದಾದ್ರೆ ಫೈಲ್ ಇರೋ ಜಾಗದ ವಿಳಾಸಾನೂ ಕಿತ್ತಾಕಿ, ವಿಂಡೋಸ್‌ನಲ್ಲಿ ಯೂಸರ್ಸ್ ಫೋಲ್ಡರ್ ಒಳಗೆ ಸಾಮಾನ್ಯವಾಗಿ ಅವರ ಹೆಸರೇ ಇರತ್ತೆ. ಸರ್ವರ್ ಲಾಗ್‌ನಲ್ಲಿ ಉಳಿಯೋ ಐಪಿ ಅಡ್ರೆಸ್ (ಅವರ ಇಂಟರ್ನೆಟ್ ಸಂಪರ್ಕದ ನಂಬರ್) ಕೂಡ ಕಿತ್ತಾಕಿ.

ಒತ್ತಕ್ಷರ:
ಹೆಸರುಗಳೇ ಕೆಡೋದು ಅನ್ನೋದು ನನಗೆ ಹೊಳೆದೇ ಇರ್ಲಿಲ್ಲ ಅಣ್ಣ, ನಿಜಕ್ಕೂ ಧನ್ಯವಾದ. ಜಿಲ್ಲೆ ಬಿಟ್ಟೆ, ಪದಾನೂ ಬಿಟ್ಟೆ. ಎಣಿಕೆ ಅವರೇ, ದೊಡ್ಡ ಕಂಪನಿಗಳು ಡೇಟಾಗೆ ಬೇಕಂತಲೇ ಸುಳ್ಳು ಬೆರೆಸಿ ಕಳಿಸ್ತಾರಂತಲ್ಲ, ಅದು ನಮಗೆ ಆಗತ್ತಾ?

ಎಣಿಕೆ_ಮನೆ:
ಅದು ಹಳೇ ಉಪಾಯ, 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಸರ್ವೆಗಳಿಗೆ ಅಂತ ಶುರು ಮಾಡಿದ್ದು, ಆಮೇಲೆ ಕ್ರೋಮ್‌ನಲ್ಲಿ, ಆಪಲ್‌ನವರಲ್ಲಿ ಇದರ ಬೆಳೆದ ರೂಪಗಳು ಬಂದವು. ಸರಳವಾಗಿ ಹೇಳೋದಾದ್ರೆ ಪ್ರೋಗ್ರಾಮು ನಾಣ್ಯ ಚಿಮ್ಮತ್ತೆ, ತಲೆ ಬಿದ್ರೆ ನಿಜ ಉತ್ತರ, ಇಲ್ಲಾಂದ್ರೆ ಇನ್ನೊಂದ್ಸಲ ಚಿಮ್ಮಿ ಬಿದ್ದ ಹಾಗೆ ಹೌದು ಅಥವಾ ಇಲ್ಲ. 1000 ಜನರಲ್ಲಿ 400 ಹೌದು ಬಂತು ಅನ್ಕೊಳ್ಳಿ, ಬರೀ ನಾಣ್ಯದಿಂದ ಬಂದ ಹೌದು ಸುಮಾರು 250, ಉಳಿದ 150 ಅರ್ಧ ಜನರ ನಿಜ ಉತ್ತರ, ಅಂದ್ರೆ ಒಟ್ಟು ಸುಮಾರು 300. ಒಬ್ಬೊಬ್ಬರ ಉತ್ತರ ನಂಬೋಕಾಗಲ್ಲ, ಆದ್ರೆ ಲೆಕ್ಕ ಸಿಗತ್ತೆ. ಆದ್ರೆ ನಿಮಗೆ ಒಪ್ಪಿ ಕಳಿಸೋರು 40 ಜನ ಇದ್ರೆ ಈ ಗದ್ದಲದಲ್ಲಿ ಏನೂ ಕಾಣಲ್ಲ. ಇದು ದೊಡ್ಡ ಗುಂಪಿನ ಔಷಧಿ. ನಿಮಗೆ ಕಮ್ಮಿ ತಗೊಳ್ಳೋದೇ ದಾರಿ, ಫಾಂಟ್ ಹೆಸರು ಮತ್ತೆ ಎಷ್ಟು ಪದ ಕೆಟ್ಟವು ಅನ್ನೋ ಸಂಖ್ಯೆ ಸಾಕು. ಪದ ಬೇಕಂದ್ರೆ ಬೇರೆ ಬಟನ್ ಇಟ್ಟು ಪಟ್ಟಿ ತೋರಿಸಿ, ಅವರೇ ಟಿಕ್ ಹಾಕಿದ್ದು ಮಾತ್ರ ಹೋಗ್ಲಿ.

ಸುಂಕದಕಟ್ಟೆ_ಲಿನಕ್ಸ್:
ಒಪ್ಪಿಗೆ ಕೇಳೋ ಕಿಟಕಿ ಕನ್ನಡದಲ್ಲೇ ಇರ್ಲಿ. 2023ರ ಡೇಟಾ ಸಂರಕ್ಷಣಾ ಕಾಯ್ದೆಲೂ ನೋಟಿಸ್‌ನ ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ (ಕನ್ನಡವೂ ಸೇರಿದ ಪಟ್ಟಿ) ಭಾಷೆಲಿ ಓದೋ ಆಯ್ಕೆ ಕೊಡ್ಬೇಕು ಅಂತಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ರಲ್ಲ, ಆ ಕೇಸ್ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಲ್ಲೇ ನ್ಯಾಯಮೂರ್ತಿ ಆಗಿದ್ದವರು, ಅದನ್ನ ನೆನೆಸ್ಕೊಂಡ್ರೆ ಹೆಮ್ಮೆ ಆಗತ್ತೆ.

ಒತ್ತಕ್ಷರ:
ಹೀಗೆ ಬರ್ದಿದೀನಿ, ನೋಡಿ: "ಯಾವ ಫಾಂಟ್ ಬಳಸಿದಿರಿ, ಎಷ್ಟು ಪದ ಕೆಟ್ಟವು ಎಂಬ ಟೆಲಿಮೆಟ್ರಿ ಮಾಹಿತಿ ಕಳುಹಿಸಲೇ? ನಿಮ್ಮ ಬರಹದ ಒಂದು ಅಕ್ಷರವೂ ಹೋಗುವುದಿಲ್ಲ. ಕಳುಹಿಸುವ ಮುನ್ನ ಪೂರ್ತಿ ತೋರಿಸುತ್ತೇವೆ." ಆಮೇಲೆ ಎರಡು ಬಟನ್, ಸರಿ ಮತ್ತು ನಂತರ ಕೇಳಿ.

ಕೋರ್ಟ್_ಎದುರಿನ_ಡಿಟಿಪಿ:
ಟೆಲಿಮೆಟ್ರಿ ಪದ ತಗೀರಿ, ನನ್ನ ಹುಡುಗ್ರಿಗೆ ತಿಳಿಯಂಗಿಲ್ಲ. "ನಂತರ ಕೇಳಿ" ಬ್ಯಾಡ್ರಿ, "ಬೇಡ" ಅಂತನ ಹಾಕ್ರಿ, ಒಮ್ಮೆ ಬ್ಯಾಡ ಅಂದವರನ್ನ ಮತ್ತ ಕೇಳಬ್ಯಾಡ್ರಿ. ಇಷ್ಟ ಮಾಡಿದ್ರ ನಾ ಹೂಂ ಒತ್ತತೀನಿ, ಅರ್ಕಾವತ್ತು ಕೆಟ್ಟಿರೋ ಪದ ಒಂದ್ ಇಪ್ಪತ್ತು, ಹೆಸರು ಬದಲಿಸಿ, ನಾಳೆ ಕಳಿಸ್ತೀನಿ.