ಬ್ಲೂಯಿಂಗ್ ಆದ .32 ವೆಬ್ಲಿಗೆ ಒಂದೇ ಮಳೆಗೆ ತುಕ್ಕು!

ಕೊಟ್ಟಾರ_ನಿವೃತ್ತ: ಸರ್ವಿಸಿನಲ್ಲಿದ್ದಾಗಿನ ನನ್ನ ಹಳೇ ರಿವಾಲ್ವರ್, ವೆಬ್ಲಿ ಸ್ಕಾಟ್ .32. ಬೇಸಿಗೆಯಲ್ಲಿ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ರಿಪೇರಿ, ಪಾಲಿಶ್, ಬ್ಲೂಯಿಂಗ್ (ಕಬ್ಬಿಣದ ಮೈಗೆ ನೀಲಿ-ಕಪ್ಪು ಬಣ್ಣ ಬರಿಸುವುದು) ಎಲ್ಲ ಮಾಡಿಸಿದೆ. ಜುಲೈ ಬರುವಷ್ಟರಲ್ಲಿ ಕೆಂಪು ಚುಕ್ಕೆ. ಒರೆಸಿದರೆ ಹೋಗುತ್ತದೆ, ಮತ್ತೆ ಅಲ್ಲೇ ಬರುತ್ತದೆ. ಎಣ್ಣೆ ಹಚ್ಚುತ್ತೇನೆ. ಕೊಟ್ಟ ದುಡ್ಡು ದಂಡ. ದಯವಿಟ್ಟು ಸಮುದ್ರದ ಗಾಳಿ ಅನ್ನಬೇಡಿ, ಅದು ನನಗೂ ಗೊತ್ತು.

ಸುರತ್ಕಲ್_66: ಸಮುದ್ರದ ಗಾಳಿಯೇ ಸರ್ 😄

ಪುತ್ತೂರು_ತೋಟ: ಬ್ಲೂಯಿಂಗ್ ಉಪ್ಪು ಸರಿಯಾಗಿ ತೊಳೆದಿಲ್ಲ. ಕಾಸ್ಟಿಕ್ ಸೋಡಾ, ನೈಟ್ರೇಟ್ ಕುದಿಸಿ ಅದರಲ್ಲಿ ಅದ್ದುವುದಲ್ವಾ? ಸಂದಿಯಲ್ಲಿ ಉಳಿದರೆ ಆಮೇಲೆ ಹೊರಗೆ ಬರುತ್ತದೆ. ವಾಪಸ್ ಕೊಟ್ಟು ಬಿಸಿನೀರಲ್ಲಿ ತೊಳೆಸಿ.

ಮಣಿಪಾಲ_ಲೆನ್ಸ್: ಒಂದು ನಿಮಿಷ. ಸರ್ವಿಸ್ ರಿವಾಲ್ವರ್ ಸರಕಾರದ್ದಲ್ವಾ? ನಿವೃತ್ತಿ ಆದಾಗ ವಾಪಸ್ ಕೊಡಬೇಕು.

ಕೊಟ್ಟಾರ_ನಿವೃತ್ತ: ಇಲಾಖೆಯದ್ದು ವಾಪಸ್ ಕೊಟ್ಟಾಯ್ತು. ಇದು ನನ್ನ ಸ್ವಂತ ಲೈಸೆನ್ಸಿನದ್ದು. ತುಕ್ಕಿನ ಬಗ್ಗೆ ಹೇಳುವವರು ಯಾರಾದರೂ ಉಂಟಾ?

ಸುರತ್ಕಲ್_66: ಯಾವ ಎಣ್ಣೆ ಸರ್?

ಕೊಟ್ಟಾರ_ನಿವೃತ್ತ: ತೆಂಗಿನೆಣ್ಣೆ. ಮನೆಯ ಗಾಣದ್ದು, ಶುದ್ಧ.

ಸುರತ್ಕಲ್_66: ಅಯ್ಯೋ ಮಾರಾಯ್ರೆ! ಅದು ದೋಸೆ ಕಾವಲಿಗೆ ಸರಿ. ದಿನ ಕಳೆದರೆ ಕಮಟು ಬಂದು ಅಂಟಾಗುತ್ತದೆ. ಹೊಲಿಗೆ ಮಿಷಿನ್ ಎಣ್ಣೆಯಾದರೂ ಹಚ್ಚಿ.

ಪುತ್ತೂರು_ತೋಟ: ಡಬ್ಲ್ಯುಡಿ-40 ಸ್ಪ್ರೇ ಹೊಡೆಯಿರಿ. ಆದರೆ ಮೊದಲು ಉಪ್ಪು ತೊಳೆಸಿ.

ಸುರತ್ಕಲ್_66: ಡಬ್ಲ್ಯುಡಿ-40 ನೀರು ಓಡಿಸುವುದಕ್ಕೆ ಒಳ್ಳೆಯದು. ತಿಂಗಳುಗಟ್ಟಲೆ ಕಾಯುವುದಿಲ್ಲ.

ಪುತ್ತೂರು_ತೋಟ: ನನ್ನ ಬೆಳೆ ರಕ್ಷಣೆ ಬಂದೂಕಿಗೆ ವರ್ಷಗಟ್ಟಲೆ ಅದೇ. ಮಂಗ, ಹಂದಿ ಕೇಳಿದರೂ ಸಾಕ್ಷಿ ಹೇಳುತ್ತವೆ.

ಮಣಿಪಾಲ_ಲೆನ್ಸ್: ನನ್ನ ಕ್ಯಾಮೆರಾ, ಲೆನ್ಸ್ ಎಲ್ಲ ಡ್ರೈ ಕ್ಯಾಬಿನೆಟ್‌ನಲ್ಲಿ ಉಂಟು. ತೇವಾಂಶ 45%ಕ್ಕೆ ಸೆಟ್ ಮಾಡಿದ್ದೇನೆ. ಹೊರಗೆ ಆಗುಂಬೆ ಮಳೆಯೇ ಬರಲಿ, ಒಳಗೆ ಫಂಗಸ್ ಇಲ್ಲ. ಫೋಟೋ ಹಾಕಲಾ?

ಕುಂದಾಪ್ರ_ಲೇತ್: ನಿಮ್ಮ ಕ್ಯಾಬಿನೆಟ್ ಫೋಟೋ ಬೇಡ. ಸರ್, ರಿವಾಲ್ವರ್ ಫೋಟೋ ಹಾಕಿ. ಮೊದಲು ತೆರೆದು ಗುಂಡು ಹಾಕುವ ಎಲ್ಲ ಕೋಣೆ ಖಾಲಿ ಅಂತ ನೋಡಿಕೊಳ್ಳಿ. ನಂಬರ್ ಮುಚ್ಚಿ.

ಕೊಟ್ಟಾರ_ನಿವೃತ್ತ: [ಫೋಟೋ]

ಕುಂದಾಪ್ರ_ಲೇತ್: ಉಪ್ಪು ಉಳಿದಿದ್ದರೆ ಸ್ಕ್ರೂ ಸುತ್ತ, ಸಂದಿಗಳಲ್ಲಿ ಬಿಳಿ ಹುಡಿ ಕಾಣಬೇಕು. ಇಲ್ಲಿ ಅದು ಇಲ್ಲ. ಬ್ಯಾರೆಲ್‌ನ ಎರಡು ಬದಿ, ಸಿಲಿಂಡರ್‌ನ ಉಬ್ಬು, ಅಲ್ಲಿ ಮಾತ್ರ ತುಕ್ಕು. ಹಿಡಿಯ ಹತ್ತಿರ ಏನೂ ಇಲ್ಲ. ಹಿಂದೆ ಮೇಜಿನ ಮೇಲೆ ಕಂದು ಬಣ್ಣದ್ದು ಕಾಣುತ್ತದಲ್ಲ, ಅದು ತೊಗಲಿನ ಹೋಲ್‌ಸ್ಟರಾ? ಅದರಲ್ಲೇ ಇಡುವುದಾ?

ಕೊಟ್ಟಾರ_ನಿವೃತ್ತ: ಮತ್ತೆ ಎಲ್ಲಿ ಇಡುವುದು? ಮೊದಲಿನಿಂದಲೂ ಅದರಲ್ಲೇ. ಹೋಲ್‌ಸ್ಟರ್ ಸಮೇತ ಲಾಕರಿನಲ್ಲಿ.

ಕುಂದಾಪ್ರ_ಲೇತ್: ಅಲ್ಲೇ ಉಂಟು ವಿಷಯ. ತೊಗಲು ಮಳೆಗಾಲದ ತೇವ ಹೀರಿ ಹಿಡಿದುಕೊಳ್ಳುತ್ತದೆ. ಹದ ಮಾಡುವಾಗಿನ ಉಪ್ಪು, ಆಮ್ಲವೂ ಅದರಲ್ಲಿ ಉಳಿದಿರುತ್ತದೆ. ಹೋಲ್‌ಸ್ಟರಿನ ಹಿತ್ತಾಳೆ ಗುಂಡಿ ಹಸಿರು ಕಟ್ಟಿದೆಯಾ ನೋಡಿ. ಬ್ಲೂಯಿಂಗ್ ಅಂದರೆ ಪೇಂಟ್ ಅಲ್ಲ, ತೀರಾ ತೆಳು ಆಕ್ಸೈಡ್ ಪದರ. ಎಣ್ಣೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಆ ಎಣ್ಣೆಯನ್ನು ತೊಗಲು ಕುಡಿದರೆ ಕಬ್ಬಿಣ ಬರಿಮೈ. ಹೋಲ್‌ಸ್ಟರ್ ಬೇರೆ ಇಡಿ. ಚುಕ್ಕೆಗೆ ತೀರಾ ನಯದ 0000 ಸ್ಟೀಲ್ ವುಲ್, ಎಣ್ಣೆ ಹಾಕಿ ಮೆಲ್ಲಗೆ. ಜೋರು ತಿಕ್ಕಿದರೆ ಬ್ಲೂಯಿಂಗೇ ಹೋಗುತ್ತದೆ. ಆಮೇಲೆ ತೆಳ್ಳಗೆ ಗನ್ ಎಣ್ಣೆ. ಲಾಕರಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ, ಬಾಗಿಲು ಗಟ್ಟಿ ಮುಚ್ಚಬೇಕು.

ಕೊಟ್ಟಾರ_ನಿವೃತ್ತ: ಗುಂಡಿ ಹಸಿರು ಉಂಟು. ಆದರೆ ಮೊದಲು ಹೀಗೆ ಆಗುತ್ತಿರಲಿಲ್ಲವಲ್ಲ?

ಕುಂದಾಪ್ರ_ಲೇತ್: ಆಗ ದಿನಾ ಸೊಂಟದಲ್ಲಿತ್ತು. ಗಾಳಿ ಆಡುತ್ತಿತ್ತು, ನೀವು ಒರೆಸುತ್ತಲೂ ಇದ್ದಿರಿ.

ಪುತ್ತೂರು_ತೋಟ: ಆದರೂ ಒಮ್ಮೆ ಉಪ್ಪು ತೊಳೆಸಿ.

ಮಣಿಪಾಲ_ಲೆನ್ಸ್: ಸಿಲಿಕಾ ಜೆಲ್ ಯಾಕೆ, ಝೀರೋ ಬಲ್ಬ್ ಉರಿಸಿ. ನಮ್ಮ ಅಜ್ಜಿ ಕಪಾಟಿನಲ್ಲಿ ಸೀರೆಗೆ ಹಾಗೇ ಮಾಡುತ್ತಿದ್ದರು.

ಸುರತ್ಕಲ್_66: ಈಗ ಸಿಗುವುದು ಎಲ್‌ಇಡಿ. ಅದು ಅಷ್ಟು ಬಿಸಿ ಆಗುವುದಿಲ್ಲ, ಸುಮ್ನೆ ಬೆಳಕು.

ಮಣಿಪಾಲ_ಲೆನ್ಸ್: ಹಂಪನಕಟ್ಟೆಯಲ್ಲಿ ಹುಡುಕಿ, ಹಳೇ ತಂತಿ ಬಲ್ಬ್ ಸಿಗಬಹುದು.

ಕೊಟ್ಟಾರ_ನಿವೃತ್ತ: ಬಲ್ಬಿನ ಚರ್ಚೆ ಬೇರೆ ಕಡೆ ಮಾಡಿ. ಇನ್ನೊಂದು ಪ್ರಶ್ನೆ. ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕಾದರೆ ಅಷ್ಟು ದಿನ ಯಾವುದರಲ್ಲಿ ಸುತ್ತಿ ಕೊಡುವುದು?

ಪುತ್ತೂರು_ತೋಟ: ನಮ್ಮದನ್ನು ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದೆ. ಬ್ಯಾರೆಲ್ ಬೆಲ್ಜಿಯಂದು, ಈಗಿನ ಹಾಗಲ್ಲ. ಫೋಟೋ ನಾಳೆ ಹಾಕುತ್ತೇನೆ.