ಅಪ್‌ಡೇಟ್: ಸಂಬಂಧಿತ ಇಮೇಲ್‌ಗಳ ಹುಡುಕಾಟ ಈಗ ತಾನಾಗಿಯೇ ನಡೆಯುತ್ತಿದೆ

ಒಂದೇ ವ್ಯವಹಾರಕ್ಕೆ ಸೇರಿದ ಇಮೇಲ್‌ಗಳನ್ನು, ಪ್ರತಿ ಬಾರಿ ಹೆಸರು ಮತ್ತು ವಿಷಯವನ್ನು ಟೈಪಿಸದೆ, ನಾಟ್‌ಮಚ್‌ನಲ್ಲಿ (ಇಮೇಲ್‌ಗಳನ್ನು ಹುಡುಕಿ, ಅವುಗಳಿಗೆ ಟ್ಯಾಗ್ ಎಂಬ ಗುರುತಿನ ಪದ ಹಚ್ಚುವ ತಂತ್ರಾಂಶ) ಒಟ್ಟುಗೂಡಿಸುವುದು ಹೇಗೆಂದು ಕೇಳಿದ್ದೆ. ಅದಕ್ಕೆ ದಾರಿ ಸಿಕ್ಕಿದೆ. ಹೊಸ ಇಮೇಲ್‌ಗಳು ಸೂಚಿಗೆ ಸೇರಿದ ಕೂಡಲೇ ತಾನಾಗಿ ಓಡುವ ‘ಪೋಸ್ಟ್-ನ್ಯೂ’ ಹುಕ್ ಎಂಬ ಪುಟ್ಟ ಸ್ಕ್ರಿಪ್ಟ್‌ನಲ್ಲಿ, ಆ ವ್ಯವಹಾರಕ್ಕೆಂದು ನಾನಿಟ್ಟ ಟ್ಯಾಗ್ ಇರುವ ಯಾವುದಾದರೂ ಸಂದೇಶವನ್ನು ಒಳಗೊಂಡ ಥ್ರೆಡ್‌ಗಳನ್ನೆಲ್ಲ (ಒಂದು ಪತ್ರ ಮತ್ತು ಅದರ ಉತ್ತರಗಳ ಸರಣಿ) ಹುಡುಕಿ, ಅವುಗಳ ಉಳಿದ ಸಂದೇಶಗಳಿಗೂ ಅದೇ ಟ್ಯಾಗ್ ಹಚ್ಚುವ ಒಂದೇ ಸಾಲಿನ ಆದೇಶವನ್ನು ಬರೆದಿದ್ದೇನೆ. ಥ್ರೆಡ್ ಕಟ್ಟಲು ನಾಟ್‌ಮಚ್ ‘ಇನ್-ರಿಪ್ಲೈ-ಟು’ ಮತ್ತು ‘ರೆಫರೆನ್ಸಸ್’ ಹೆಡರ್‌ಗಳಲ್ಲಿರುವ (ಇಮೇಲ್‌ನ ತಲೆಭಾಗದ ವಿವರ ಸಾಲುಗಳು) ಮೆಸೇಜ್-ಐಡಿಗಳನ್ನು, ಅಂದರೆ ಹಿಂದಿನ ಪತ್ರಗಳ ಗುರುತುಸಂಖ್ಯೆಗಳನ್ನು, ನೆಚ್ಚುವುದರಿಂದ, ನಡುವೆ ಯಾರಾದರೂ ವಿಷಯದ ಸಾಲನ್ನು ಬದಲಿಸಿದರೂ (ನಮ್ಮ ಲೆಕ್ಕಪರಿಶೋಧಕರಿಗೆ ಅದೊಂದು ಚಟ) ಕೊಂಡಿ ಕಳಚುವುದಿಲ್ಲ. ಆದರೆ ಉತ್ತರಿಸುವ ಗುಂಡಿ ಒತ್ತದೆ ಹೊಸದಾಗಿಯೇ ಬರೆದ ಪತ್ರವು ಪ್ರತ್ಯೇಕ ಥ್ರೆಡ್ ಆಗಿಬಿಡುತ್ತದೆ. ಅಂಥವುಗಳಿಗಾಗಿ, ವಿಷಯದ ಸಾಲಿನಲ್ಲಿ ಕಡತ ಸಂಖ್ಯೆಯನ್ನು ಹುಡುಕಿ ಟ್ಯಾಗ್ ಹಚ್ಚುವ ಇನ್ನೊಂದು ಆದೇಶವನ್ನು ಮೊದಲಿನದಕ್ಕಿಂತ ಮೇಲೆ ಇಟ್ಟಿದ್ದೇನೆ.