ಪಕ್ಕದೂರಿನ ಆಸ್ಪತ್ರೆ ಡಿಸ್ಟ್ರಿಕ್ಟ್‌ಗೆ ನಮ್ಮ ಬಡಾವಣೆ ಸೇರಿದರೆ ಟ್ಯಾಕ್ಸ್ ಏರುತ್ತದಾ? (ಕ್ಯಾಲಿಫೋರ್ನಿಯಾ)

ಮಲ್ನಾಡ್‌ಮಳೆ:
ನಿನ್ನೆ ಸಂಜೆ ಒಬ್ಬರು ಬಾಗಿಲು ತಟ್ಟಿ, ರಟ್ಟಿಗೆ ಸಿಕ್ಕಿಸಿದ ಹಾಳೆ ಮುಂದೆ ಹಿಡಿದರು. ಪಕ್ಕದೂರಿನ ಹೆಲ್ತ್ ಕೇರ್ ಡಿಸ್ಟ್ರಿಕ್ಟ್‌ಗೆ (ಆಸ್ಪತ್ರೆ, ಆರೋಗ್ಯ ಸೇವೆಗೆಂದೇ ಇರುವ ಸ್ಥಳೀಯ ಸರ್ಕಾರಿ ಸಂಸ್ಥೆ) ನಮ್ಮ ಬಡಾವಣೆಯನ್ನೂ ಸೇರಿಸಬೇಕಂತೆ, ಸಹಿ ಬೇಕಂತೆ. ನನ್ನದು ಗ್ರೀನ್ ಕಾರ್ಡ್, ಓಟಿಲ್ಲ ಅಂದೆ. ಥ್ಯಾಂಕ್ಸ್ ಹೇಳಿ ಪಕ್ಕದ ಮನೆಗೆ ಹೋದರು. ಆದರೆ ಮನೆ ನನ್ನದೇ, ಟ್ಯಾಕ್ಸ್ ಕಟ್ಟುವವನೂ ನಾನೇ ಅಲ್ವಾ? ಇದೂ ಬೆಂಗಳೂರಿಗೆ 110 ಹಳ್ಳಿ ಸೇರಿಸಿದ ಹಾಗೇನಾ? ಬೇಡ ಅನ್ನುವುದಕ್ಕೆ ನನಗೆ ದಾರಿ ಇದೆಯಾ?

ಒಗ್ಗರಣೆ:
ಹಾಗಲ್ಲ. 110 ಹಳ್ಳಿ ಸೇರಿಸಿದ್ದು 2007ರಲ್ಲಿ, ಸರ್ಕಾರದ ಒಂದು ಆದೇಶದಲ್ಲಿ. ಇಲ್ಲಿ ಡಿಸ್ಟ್ರಿಕ್ಟ್ ತನ್ನ ಗಡಿಯನ್ನು ತಾನೇ ಎಳೆದುಕೊಳ್ಳುವ ಹಾಗಿಲ್ಲ. ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆ ಇದ್ದ ಹಾಗೆ) ಲಾಫ್ಕೋ ಅಂತ ಒಂದು ಆಯೋಗ ಇದೆ, ಗಡಿ ವಿಷಯ ಎಲ್ಲ ಅದರ ಮುಂದೆಯೇ ಹೋಗಬೇಕು. ಅರ್ಜಿಗೆ ಸೇರುವ ಜಾಗದ ಮತದಾರರಲ್ಲಿ 25% ಜನರ ಸಹಿ ಸಾಕು, ಇಲ್ಲವೇ ಡಿಸ್ಟ್ರಿಕ್ಟ್ ಬೋರ್ಡೇ ನಿರ್ಣಯ ಮಾಡಿ ಕಳಿಸಬಹುದು.

ನಿಮಗೆ ಮುಖ್ಯವಾದದ್ದು ಆಮೇಲಿನದು. ಲಾಫ್ಕೋ ಒಪ್ಪಿದ ಮೇಲೆ ತಕರಾರು ಕೇಳುತ್ತಾರೆ. ಓಟಿಲ್ಲದಿದ್ದರೂ ಜಾಗದ ಮಾಲೀಕರಾಗಿ ನೀವು ಬರೆದುಕೊಡಬಹುದು. ಸಹಿ, ತಾರೀಕು, ಜಾಗದ ವಿಳಾಸ ಮರೆಯಬೇಡಿ. 25% ಮತದಾರರು, ಅಥವಾ ಜಾಗದ ಒಟ್ಟು ಬೆಲೆಯಲ್ಲಿ 25% ಹಿಡಿದಿರುವ 25% ಮಾಲೀಕರು ತಕರಾರು ಕೊಟ್ಟರೆ ಎಲೆಕ್ಷನ್ ಆಗಲೇಬೇಕು. ಅಷ್ಟು ಬರದಿದ್ದರೆ ಸಾಮಾನ್ಯವಾಗಿ ಓಟೇ ಇಲ್ಲದೆ ಸೇರಿಸಿಬಿಡುತ್ತಾರೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಮತದಾರರು ಬೇಡ ಅಂದರೆ ಕಥೆ ಅಲ್ಲಿಗೇ ಮುಗಿಯಿತು.

ಲೆಕ್ಕದಮೇಷ್ಟ್ರು:
ಟ್ಯಾಕ್ಸ್ ಬಗ್ಗೆ ಸುಮ್ನೆ ಹೆದರಬೇಡಿ. 1978ರಲ್ಲಿ ಜನ ಓಟು ಹಾಕಿ ತಂದ ಪ್ರಾಪ್ 13 ಕಾನೂನು ಆದಮೇಲೆ ಮೂಲ ಆಸ್ತಿ ತೆರಿಗೆ ಲೆಕ್ಕದಲ್ಲಿರುವ ಆಸ್ತಿ ಬೆಲೆಯ 1% ದಾಟುವ ಹಾಗಿಲ್ಲ. ಕೌಂಟಿ, ಶಾಲೆ, ಡಿಸ್ಟ್ರಿಕ್ಟ್ ಎಲ್ಲ ಅದೇ 1% ಹಂಚಿಕೊಳ್ಳಬೇಕು, ಹೊಸಬರು ಬಂದರೆ ಹಳಬರು ತಮ್ಮ ಪಾಲು ಬಿಟ್ಟುಕೊಡಬೇಕು (ಯಾರು ಬಿಡುತ್ತಾರೆ ಹೇಳಿ!). ಕೇಳಬೇಕಾದ್ದು ಬಾಂಡ್ ಬಗ್ಗೆ. ಕಟ್ಟಡಕ್ಕೆ ಅಂತ ಡಿಸ್ಟ್ರಿಕ್ಟ್ ಹಿಂದೆ ಮಾಡಿದ ಸಾಲದ ಕಂತು ಈ 1%ರ ಮೇಲೆ ಬರುತ್ತದೆ. ಅದರಲ್ಲಿ ನಿಮಗೂ ಪಾಲು ಹಾಕುತ್ತಾರಾ ಅಂತ ಲಾಫ್ಕೋ ಒಪ್ಪಿಗೆಯ ಷರತ್ತುಗಳಲ್ಲಿ ಹುಡುಕಿ.

ರಾಗಿಮುದ್ದೆ:
ಪಾಲು ಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆ ನೋಡಿ. ಅಲ್ಲಿನ ಡೆಸರ್ಟ್ ಹೆಲ್ತ್‌ಕೇರ್ ಡಿಸ್ಟ್ರಿಕ್ಟ್ 1948ರದ್ದು, 2018ರ ತನಕ ಅದರ ಗಡಿ ಪಾಮ್ ಡೆಸರ್ಟ್ ಊರಿನ ಕುಕ್ ಸ್ಟ್ರೀಟ್ ಆಗಿತ್ತು. ರಸ್ತೆಯ ಈ ಕಡೆ ಪಾಮ್ ಸ್ಪ್ರಿಂಗ್ಸ್, ರಾಂಚೋ ಮಿರಾಜ್, ಗಾಲ್ಫ್ ಮೈದಾನಗಳು. ಆ ಕಡೆ ಇಂಡಿಯೋ, ಮೆಕ್ಕಾ, ಥರ್ಮಲ್, ಖರ್ಜೂರದ ತೋಟದಲ್ಲಿ ಕೂಲಿ ಮಾಡುವವರ ಊರುಗಳು. ಆ ಕಡೆಯನ್ನೂ ಸೇರಿಸುವುದಕ್ಕೆಂದೇ 2016ರಲ್ಲಿ ಎಬಿ 2414 ಅಂತ ಕಾನೂನು ಮಾಡಿ, 2018ರ ನವೆಂಬರ್‌ನಲ್ಲಿ ಮೆಷರ್ ಬಿಬಿ ಅನ್ನುವ ಹೆಸರಲ್ಲಿ ಆ ಪ್ರಸ್ತಾವವನ್ನು ಓಟಿಗೆ ಹಾಕಿದರು, ಗೆದ್ದಿತು. ಬೋರ್ಡ್ ಸದಸ್ಯರು 5 ಇದ್ದವರು 7 ಆದರು. ಆದರೆ ಹೊಸದಾಗಿ ಸೇರಿದ ಕಡೆಯ ಆಸ್ತಿ ತೆರಿಗೆಯಲ್ಲಿ ಡಿಸ್ಟ್ರಿಕ್ಟ್‌ಗೆ ಪಾಲು ಸಿಗಲಿಲ್ಲ. ಹಳೇ ದುಡ್ಡಲ್ಲೇ ಎರಡೂ ಕಡೆ ನೋಡಬೇಕು. 110 ಹಳ್ಳಿಯಲ್ಲಿ ಮೊದಲು ಟ್ಯಾಕ್ಸ್ ಬಂತು, ಕಾವೇರಿ ಐದನೇ ಹಂತದ ನೀರು 2024ರ ತನಕ ಕಾಯಿಸಿತು. ಇಲ್ಲಿ ಅದರ ಉಲ್ಟಾ.

ಮಲ್ನಾಡ್‌ಮಳೆ:
ಈಗಷ್ಟೇ ಬಿಲ್ ತೆಗೆದು ನೋಡಿದೆ. 1% ಕೆಳಗೆ ಶಾಲೆಯದೊಂದು, ಕಾಲೇಜಿನದೊಂದು ಬಾಂಡ್ ಸಾಲು ಇದೆ, ಆಸ್ಪತ್ರೆಯದಿಲ್ಲ. ಪಕ್ಕದ ಮನೆ ಅಜ್ಜಿ ಸಹಿ ಹಾಕಿದ್ದಾರೆ, ಇನ್ನು ಎಮರ್ಜೆನ್ಸಿಗೆ ಅಲ್ಲಿಗೇ ಹೋಗಬಹುದು ಅಂತ ಖುಷಿಯಲ್ಲಿದ್ದಾರೆ.

ಒಗ್ಗರಣೆ:
ಅಜ್ಜಿಗೆ ಹೇಳಿ, ಎಮರ್ಜೆನ್ಸಿಗೆ ಈಗಲೂ ಹೋಗಬಹುದು, ಡಿಸ್ಟ್ರಿಕ್ಟ್ ಗಡಿ ಯಾರೂ ಕೇಳುವುದಿಲ್ಲ. ಸೇರಿದರೆ ಅವರಿಗೆ ಹೊಸದಾಗಿ ಸಿಗುವುದು ಬೋರ್ಡ್ ಎಲೆಕ್ಷನ್ನಿನಲ್ಲಿ ಒಂದು ಓಟು.